ನಾಮದ ಚಿಲುಮೆ ಜಿಂಕೆ ವನ: ಹೋಗುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮಕ್ಕಳಿರುವ ಮನೆಯವರು ವರ್ಷಕ್ಕೊಮ್ಮೆಯಾದರೂ ನಾಮದ ಚಿಲುಮೆಗೆ ಹೋಗಿ ಬರುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರಿನಲ್ಲಿ ಮುಂದೆ ನಿಂತುಕೊಂಡು ಹೋಗಿದ್ದೆ. ಈಗ ಟೀಚರ್ ಆಗಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ರಜೆ ಬಂದರೆ ನನ್ನ ಮಗಳನ್ನು. ಹೊರಡುವ ಮುಂಚೆ ಪೋಷಕರು, ನೆಂಟರು, ಅಕ್ಕಪಕ್ಕದ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಝೂನಾ, ಪಾರ್ಕಾ, ಕಾಡಾ?

ಮೂರೂ ಸ್ವಲ್ಪ ಸ್ವಲ್ಪ. ಸುತ್ತ ಇರುವುದು ದೇವರಾಯನದುರ್ಗದ ಕಾಡು. ಅದರ ನಡುವೆ, ಬೆಟ್ಟದ ಬುಡದಲ್ಲಿ, ಬಂಡೆಯಿಂದ ನೀರು ಬರುವ ಒಂದು ಚಿಲುಮೆ. ಅದರ ಹತ್ತಿರವೇ ಅರಣ್ಯ ಇಲಾಖೆಯ ಜಿಂಕೆ ವನ, ಔಷಧಿ ಗಿಡಗಳ ವನ. ಜಿಂಕೆಗಳು ತಂತಿ ಬೇಲಿಯ ಒಳಗೆ, ನಾವು ಹೊರಗೆ. ಮೈಸೂರಿನ ಝೂ ಮನಸ್ಸಲ್ಲಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತೆ. ಒಂದೇ ಒಂದು ಪ್ರಾಣಿಯನ್ನು ನಿಧಾನಕ್ಕೆ ನೋಡೋಣ ಅಂತ ಹೋದರೆ ಇಷ್ಟು ಒಳ್ಳೆ ಜಾಗ ನಮ್ಮೂರ ಹತ್ತಿರ ಇನ್ನೊಂದಿಲ್ಲ.

ಹುಲಿ, ಸಿಂಹ, ಆನೆ ಇದೆಯಾ?

ಇಲ್ಲ. ಅದಕ್ಕೆ ಬನ್ನೇರುಘಟ್ಟಕ್ಕೆ ಹೋಗಿ, ಇಲ್ಲ 1892ರಲ್ಲಿ ಶುರುವಾದ ಮೈಸೂರು ಮೃಗಾಲಯಕ್ಕೆ ಹೋಗಿ. ಎರಡಕ್ಕೂ ಮಂಗಳವಾರ ರಜೆ, ಅದನ್ನು ಮರೆತು ಬಾಗಿಲ ತನಕ ಹೋಗಿ ವಾಪಸ್ ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ಶಿರಾ ಕಡೆಯವರಿಗೆ ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯವೂ ಅನುಕೂಲ.

ಹೇಗೆ ಹೋಗುವುದು?

ತುಮಕೂರಿನಿಂದ ದೇವರಾಯನದುರ್ಗದ ರಸ್ತೆ ಹಿಡಿಯಿರಿ. 15 ಕಿಲೋಮೀಟರ್ ಒಳಗೇ ಸಿಗುತ್ತೆ, ದುರ್ಗಕ್ಕಿಂತ ಮುಂಚೆ. ಬೆಂಗಳೂರಿನಿಂದ ಬರುವವರು ತುಮಕೂರಿಗೆ ಬಂದು ತಿರುಗಬಹುದು, ಅದು ಸುಮಾರು 70 ಕಿಲೋಮೀಟರ್. ಇಲ್ಲದಿದ್ದರೆ ದಾಬಸ್‌ಪೇಟೆಯಲ್ಲಿ ಹೈವೇ ಬಿಟ್ಟು ಊರ್ಡಿಗೆರೆ ಮೇಲೆ ಬರಬಹುದು. ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಬಸ್ಸಿನಲ್ಲಿ ಹೋಗುವವರು ವಾಪಸ್ ಬರುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನು ಕೇಳಿಕೊಂಡೇ ಇಳಿಯಿರಿ. ಕಾಡಿನ ರಸ್ತೆಯಲ್ಲಿ ಗಾಡಿ ನಿಧಾನಕ್ಕೆ ಓಡಿಸಿ. ಕೋತಿ, ಹಾವು, ಕೆಲವೊಮ್ಮೆ ನವಿಲು ಅಡ್ಡ ಬರುತ್ತೆ.

ಟಿಕೆಟ್ ಎಷ್ಟು? ಎಷ್ಟು ಹೊತ್ತಿಗೆ ತೆಗೆಯುತ್ತಾರೆ?

ದರ, ಸಮಯ ಎರಡೂ ಆಗಾಗ ಬದಲಾಗುತ್ತವೆ. ಮೂರು ವರ್ಷದ ಹಿಂದೆ ಯಾರೋ ಹಾಕಿದ ಪೋಸ್ಟ್ ನೋಡಿ ಹೊರಡಬೇಡಿ. ಗೇಟಿನ ಬೋರ್ಡಿನಲ್ಲಿ ಇರುವುದೇ ಸರಿ. ಕೈಯಲ್ಲಿ ಚಿಲ್ಲರೆ ಇರಲಿ, ಕಾಡಿನೊಳಗೆ ಫೋನ್ ಪೇ ನಂಬಿಕೊಂಡು ಹೋಗಬೇಡಿ.

ಯಾವ ಹೊತ್ತಿಗೆ ಹೋದರೆ ಜಿಂಕೆ ಚೆನ್ನಾಗಿ ಕಾಣುತ್ತೆ?

ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಇಲ್ಲ ಸಂಜೆ 4ರ ಮೇಲೆ. ಮಧ್ಯಾಹ್ನ 12ಕ್ಕೆ ಹೋಗಿ "ಜಿಂಕೇನೇ ಇಲ್ಲ" ಅಂತ ಬೇಜಾರು ಮಾಡಿಕೊಂಡು ಬರುವವರು ತುಂಬಾ ಜನ. ಇರುತ್ತವೆ, ಆದರೆ ಮರದ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತವೆ. ಒಣಗಿದ ಎಲೆ, ಚುಕ್ಕೆ ಬಿಸಿಲು, ಅದರ ನಡುವೆ ಚುಕ್ಕೆ ಮೈ. ಸ್ವಲ್ಪ ಹೊತ್ತು ಕಣ್ಣು ಊರಿ ನಿಂತರೆ ಮೊದಲು ಒಂದು ಕಿವಿ ಅಲ್ಲಾಡುವುದು ಕಾಣುತ್ತೆ. ಆ ಕಿವಿ ಹಿಡಿದು ನೋಡಿದರೆ ಇಡೀ ಜಿಂಕೆ ಕಾಣುತ್ತೆ. ಆಮೇಲೆ ಪಕ್ಕದಲ್ಲೇ ಇನ್ನೂ ನಾಲ್ಕು.

ಭಾನುವಾರ ಬೇಡ. ಫಾಲ್ಗುಣದಲ್ಲಿ ದುರ್ಗದ ಭೋಗಾನರಸಿಂಹ ಸ್ವಾಮಿಯ ಜಾತ್ರೆ ದಿನವಂತೂ ಜಿಂಕೆ ನೋಡಲು ಹೋಗಲೇಬೇಡಿ. ಆ ದಿನ ತೇರು ನೋಡಿ.

ಯಾವ ತಿಂಗಳು ಒಳ್ಳೆಯದು?

ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಜನವರಿ ತನಕ. ಕಾಡು ಹಸಿರಾಗಿರುತ್ತೆ, ಬೆಳಗಿನ ಚಳಿಯಲ್ಲಿ ಜಿಂಕೆಗಳೂ ಚುರುಕಾಗಿರುತ್ತವೆ. ಏಪ್ರಿಲ್‌ನಲ್ಲಿ ಬಂಡೆಗಳು ಕಾದು ಹೆಂಚಾಗುತ್ತವೆ.

ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತಂತೆ, ಹೌದಾ?

ಬೇಲಿಯ ಉದ್ದಕ್ಕೂ ನಡೆದು ಫೋಟೊ ತೆಗೆದು ಬಂದರೆ ಹತ್ತು ನಿಮಿಷವೂ ಬೇಡ. ನಾನು ಮಕ್ಕಳಿಗೆ ಅರ್ಧ ಗಂಟೆ ಕೊಡುತ್ತೇನೆ. ಕೈಗೊಂದು ಹಾಳೆ, ಪೆನ್ಸಿಲ್. ಒಬ್ಬೊಬ್ಬರೂ ಒಂದೊಂದು ಜಿಂಕೆ ಆರಿಸಿಕೊಂಡು ಅದನ್ನು ಮಾತ್ರ ನೋಡಬೇಕು. ಮೊದಲ ಐದು ನಿಮಿಷ ಗುಸುಗುಸು ಇರುತ್ತೆ, ಆಮೇಲೆ ತಾನಾಗಿಯೇ ಸದ್ದು ಅಡಗುತ್ತೆ.

ಹೋದ ವರ್ಷ ಐದನೇ ಕ್ಲಾಸಿನ ಒಬ್ಬ ಹುಡುಗಿ ಓಡಿ ಬಂದು, "ಮಿಸ್, ಅದರ ಗಂಟಲಲ್ಲಿ ಏನೋ ಉಂಡೆ ಮೇಲೆ ಬರ್ತಾ ಇದೆ" ಅಂದಳು. ಹೋಗಿ ನೋಡಿದೆವು. ಹೆಣ್ಣು ಜಿಂಕೆಯೊಂದು ಮಲಗಿತ್ತು. ಒಂದು ಉಂಡೆ ಮೆಲ್ಲಗೆ ಕತ್ತಿನುದ್ದಕ್ಕೂ ಮೇಲೆ ಬರುತ್ತಿತ್ತು. ದವಡೆ ಪಕ್ಕಕ್ಕೆ ಸರಿಯುತ್ತಾ ಅಗಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ನುಂಗಿತು. ಒಂದು ಕ್ಷಣ ಸುಮ್ಮನೆ. ಮತ್ತೆ ಇನ್ನೊಂದು ಉಂಡೆ. ನಾವು ಮೂವತ್ತು ಜನ ಉಸಿರು ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದೆವು. ಮೆಲುಕು ಹಾಕುವುದು ಅಂತ ಪುಸ್ತಕದಲ್ಲಿ ನಾನು ಎಷ್ಟು ಸಲ ಪಾಠ ಮಾಡಿದ್ದೆನೋ! ಅದು ಅವರಿಗೆ ಅರ್ಥವಾಗಿದ್ದು ಆ ದಿನ.

ಇನ್ನೊಂದು ನೋಡಲು ಹೇಳಿ: ಜಿಂಕೆ ಬಾಯಿ ತೆರೆದಾಗ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲು ಇರುವುದಿಲ್ಲ. ಹಸು, ಕುರಿಗೂ ಅಷ್ಟೆ. ಅಲ್ಲಿ ಬರೀ ಗಟ್ಟಿ ವಸಡು. ಕೆಳಗಿನ ಹಲ್ಲನ್ನು ಅದಕ್ಕೆ ಒತ್ತಿ ಹುಲ್ಲನ್ನು ಹರಿದುಕೊಳ್ಳುತ್ತೆ.

ಜಿಂಕೆಗೆ ಬಿಸ್ಕತ್ತು ಕೊಡಬಹುದಾ? ಒಂದೇ ಒಂದು?

ಬೇಡ. ಒಂದೂ ಬೇಡ. ಇದೊಂದು ಉತ್ತರ ಎಲ್ಲರೂ ಪೂರ್ತಿ ಓದಲಿ ಅಂತಲೇ ಉಳಿದಿದ್ದನ್ನೆಲ್ಲ ಬರೆದಿದ್ದೇನೆ ಅಂದರೂ ತಪ್ಪಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ಕೈಗೆ ಗ್ಲೂಕೋಸ್ ಬಿಸ್ಕತ್ತು ಕೊಟ್ಟು ತಿನ್ನಿಸು ಅಂದಿದ್ದರು. ಜಿಂಕೆಯ ಒದ್ದೆ ಮೂತಿ ಅಂಗೈಗೆ ತಾಗಿದ್ದು ಇವತ್ತಿಗೂ ನೆನಪಿದೆ. ಅಪ್ಪ ಪ್ರೀತಿಯಿಂದಲೇ ಕೊಟ್ಟಿದ್ದು, ನಾನೂ ಪ್ರೀತಿಯಿಂದಲೇ ತಿನ್ನಿಸಿದ್ದು. ಅದು ಜಿಂಕೆಗೆ ಏನು ಮಾಡುತ್ತೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳದೆ ಇರುವುದು ಸರಿಯಲ್ಲ.

ಜಿಂಕೆಗೆ ಹಸುವಿನ ಹಾಗೇ ನಾಲ್ಕು ಭಾಗದ ಹೊಟ್ಟೆ. ಮೊದಲನೇ ದೊಡ್ಡ ಭಾಗದಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಹುಲ್ಲು, ಸೊಪ್ಪನ್ನು ಕರಗಿಸಿಕೊಡುವುದು ಅವೇ. ಅವು ನಾರಿಗೆ ಒಗ್ಗಿಕೊಂಡಿರುತ್ತವೆ. ಬಿಸ್ಕತ್ತು, ಬ್ರೆಡ್, ಅನ್ನ, ಚಪಾತಿ ಎಲ್ಲ ಹಿಟ್ಟಿನ ಪದಾರ್ಥ. ಅದು ಒಳಗೆ ಹೋದ ತಕ್ಷಣ ಬೇಗ ಬೇಗ ಹುಳಿಯಾಗುತ್ತೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ರಾತ್ರಿಯೆಲ್ಲ ಹೊರಗಿಟ್ಟರೆ ಪಾತ್ರೆಯಿಂದ ಉಕ್ಕಿ ಚೆಲ್ಲುತ್ತಲ್ಲ, ಹಾಗೆ. ಆ ಹುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊಟ್ಟೆ ಉಬ್ಬರಿಸುತ್ತೆ, ಜಿಂಕೆ ಮೇವು ಬಿಡುತ್ತೆ. ಜಾಸ್ತಿಯಾದರೆ ಪ್ರಾಣವೇ ಹೋಗುತ್ತೆ. ಕಟ್ಟು ಬಿಚ್ಚಿಕೊಂಡ ಹಸು ರಾಗಿ ರಾಶಿಗೆ ಬಾಯಿ ಹಾಕಿ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿದ್ದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

"ನಾನು ಕೊಟ್ಟಿದ್ದು ಒಂದೇ" ಅನ್ನುತ್ತಾರೆ. ಬೇಲಿಯ ಈಚೆ ಇರುವ ಇನ್ನೂರು ಜನರೂ ಒಂದೊಂದೇ ಕೊಡುತ್ತಾರೆ, ಅಲ್ವಾ?

ಅದಕ್ಕಿಂತ ಕೆಟ್ಟದ್ದು ಕವರ್. ಚಿಪ್ಸ್ ಪ್ಯಾಕೆಟ್ಟಿನ ಒಳಗೆ ಉಪ್ಪು, ಎಣ್ಣೆ ಅಂಟಿರುತ್ತೆ. ಪ್ರಾಣಿಗೆ ಉಪ್ಪೆಂದರೆ ಆಸೆ. ನೆಕ್ಕಲು ಹೋಗಿ ಕವರನ್ನೇ ನುಂಗುತ್ತೆ. ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಹೊಟ್ಟೆಯಲ್ಲೇ ಸುರುಳಿ ಸುತ್ತಿಕೊಂಡು ಗಂಟಾಗುತ್ತೆ. ಹೊಟ್ಟೆ ತುಂಬಿದ ಹಾಗಿರುತ್ತೆ, ಪ್ರಾಣಿ ಹಸಿವಿನಿಂದ ಸೊರಗುತ್ತೆ. ಕೈಯಲ್ಲಿ ತಿಂಡಿ ಪ್ಯಾಕೆಟ್ ಹಿಡಿದು ಬೇಲಿ ಹತ್ತಿರ ಹೋಗಲೇಬೇಡಿ, ಗಾಳಿಗೆ ಹಾರಿದರೂ ಸಾಕು.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಿಸುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ಆವರಣದಲ್ಲಿ ಕಸ ಹಾಕುವುದು ಎಲ್ಲವೂ ಅಪರಾಧ. ಅದಕ್ಕೆ ಜೈಲು, ದಂಡ ಎರಡೂ ಇದೆ.

ಕ್ಯಾರೆಟ್, ಬಾಳೆಹಣ್ಣು, ಹಸಿ ಹುಲ್ಲು ಕೊಡಬಹುದಲ್ವಾ? ಮಗಳ ಹುಟ್ಟುಹಬ್ಬಕ್ಕೆ ತಿನ್ನಿಸೋಣ ಅಂತ.

ಅದೂ ಬೇಡ. ಅವಕ್ಕೆ ದಿನಕ್ಕೆ ಎಷ್ಟು ಮೇವು ಅಂತ ನೋಡಿಕೊಳ್ಳುವವರು ಅಲ್ಲಿದ್ದಾರೆ. ನಾವು ಹೊರಗಿನಿಂದ ಒಯ್ದ ಸೊಪ್ಪಿಗೆ ಏನು ಔಷಧಿ ಹೊಡೆದಿದ್ದಾರೋ ನಮಗೇ ತಿಳಿದಿರುವುದಿಲ್ಲ. ಇನ್ನೊಂದು ವಿಷಯ: ಬೇಲಿ ಹತ್ತಿರ ತಿಂಡಿ ಸಿಗುತ್ತೆ ಅಂತ ಗೊತ್ತಾದರೆ ಬಲವಾದ ಗಂಡು ಮುಂದೆ ಬಂದು ನಿಲ್ಲುತ್ತೆ. ಬಸುರಿ, ಮರಿಗಳನ್ನು ತಳ್ಳಿ, ಕೊಂಬಿನಲ್ಲಿ ತಿವಿಯುತ್ತೆ.

ಹುಟ್ಟುಹಬ್ಬಕ್ಕೆ ಏನಾದರೂ ಮಾಡಲೇಬೇಕು ಅನಿಸಿದರೆ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಮೃಗಾಲಯಗಳಲ್ಲಿ ಪ್ರಾಣಿ ದತ್ತು ಯೋಜನೆ ಇದೆ. ಮಗುವಿನ ಹೆಸರಿನಲ್ಲಿ ಹಣ ಕಟ್ಟಿದರೆ ಒಂದು ಪ್ರಾಣಿಯ ಮೇವಿನ ಖರ್ಚಿಗೆ ಹೋಗುತ್ತೆ. ನನ್ನ ತಮ್ಮ ಮಗನ ಹುಟ್ಟುಹಬ್ಬಕ್ಕೆ ಹಾಗೆ ಮಾಡಿದ. ಕೇಕಿಗಿಂತ ಆ ಕಾಗದವನ್ನೇ ಹುಡುಗ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ.

ಒಂದು ಗಂಡು ಜಿಂಕೆಯ ಕೊಂಬಿನ ಮೇಲೆ ಚರ್ಮ ನೇತಾಡುತ್ತಿತ್ತು, ರಕ್ತ ಇತ್ತು. ಯಾರಿಗಾದರೂ ಹೇಳಬೇಕಾ?

ಹೆಚ್ಚಿನ ಸಲ ಗಾಬರಿ ಬೇಡ. ಜಿಂಕೆಯ ಕೊಂಬು ಹಸುವಿನ ಕೊಂಬಿನ ಹಾಗಲ್ಲ. ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತೆ. ಬೆಳೆಯುವಾಗ ಅದರ ಮೇಲೆ ಮೆತ್ತನೆಯ ಚರ್ಮ, ಎಳೆ ಬೆಂಡೆಕಾಯಿ ಮೇಲಿರುವ ನವಿರಿನಂಥ ಕೂದಲು ಇರುತ್ತೆ. ಆ ಚರ್ಮದ ರಕ್ತನಾಳಗಳೇ ಕೊಂಬಿಗೆ ಆಹಾರ ಒದಗಿಸುವುದು. ಕೊಂಬು ಬಲಿತು ಗಟ್ಟಿಯಾದ ಮೇಲೆ ಚರ್ಮ ಒಣಗುತ್ತೆ. ಆಗ ಜಿಂಕೆ ಅದನ್ನು ಮರಕ್ಕೆ, ಪೊದೆಗೆ ತಿಕ್ಕಿ ತಿಕ್ಕಿ ತೆಗೆಯುತ್ತೆ. ಒಂದೆರಡು ದಿನ ಹರಿದ ಬಟ್ಟೆಯ ಹಾಗೆ ಜೋತಾಡುತ್ತಿರುತ್ತೆ. ಕುಂಟುವುದು, ಕಣ್ಣಿನ ಹತ್ತಿರ ಗಾಯ, ಒಂದೇ ಕಡೆ ಬಿದ್ದಿರುವುದು ಕಂಡರೆ ಅಲ್ಲಿನ ಸಿಬ್ಬಂದಿಗೆ ಖಂಡಿತ ಹೇಳಿ.

ಕೊಂಬು ಬಲಿತ ಗಂಡಿನ ಹತ್ತಿರ ಮಾತ್ರ ಬೇಲಿಯೊಳಗೆ ಕೈ ತೂರಿಸಬೇಡಿ. ಸಾಧು ಪ್ರಾಣಿ ಅಂತ ನಾವು ಅಂದುಕೊಂಡಿರುತ್ತೇವೆ, ಆ ಕಾಲದಲ್ಲಿ ಅದು ಹಾಗಿರುವುದಿಲ್ಲ.

ಜಿಂಕೆ ಅಳುತ್ತಾ? ಕಣ್ಣಿನ ಕೆಳಗೆ ಕಪ್ಪು ಗೆರೆ ಇದೆ.

ಅಳುತ್ತಿಲ್ಲ. ಕಣ್ಣಿನ ಮುಂದಿನ ಮೂಲೆಯಲ್ಲಿ ಒಂದು ಗ್ರಂಥಿ ಇದೆ. ಅದರ ವಾಸನೆಯನ್ನು ಕೊಂಬೆ, ಹುಲ್ಲಿಗೆ ಸವರಿ "ಇಲ್ಲಿ ನಾನಿದ್ದೇನೆ" ಅಂತ ಬೇರೆ ಜಿಂಕೆಗೆ ತಿಳಿಸುತ್ತೆ.

ಜಿಂಕೆ, ಕಡವೆ, ಕೃಷ್ಣಮೃಗ ಎಲ್ಲ ಒಂದೇನಾ?

ಚುಕ್ಕೆ ಇರುವುದು ಜಿಂಕೆ, ದೊಡ್ಡದಾದ ಮೇಲೂ ಅದರ ಚುಕ್ಕೆ ಹೋಗುವುದಿಲ್ಲ. ಕಡವೆ ಕಂದು ಬಣ್ಣ, ನಮ್ಮ ದೇಶದ ಜಿಂಕೆ ಜಾತಿಯಲ್ಲೇ ದೊಡ್ಡದು. ಕೃಷ್ಣಮೃಗ ಜಿಂಕೆಯೇ ಅಲ್ಲ. ಅದರ ತಿರುಚಿದ ಕೊಂಬು ಉದುರುವುದಿಲ್ಲ, ಸಾಯುವ ತನಕ ಅದೇ ಕೊಂಬು.

ಪುಟ್ಟ ಮರಿಯೊಂದು ಒಂಟಿಯಾಗಿ ಹುಲ್ಲಿನಲ್ಲಿ ಬಿದ್ದಿತ್ತು. ತಾಯಿ ಬಿಟ್ಟು ಹೋಗಿದೆಯಾ?

ಇಲ್ಲ. ಮರಿ ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ತಾನು ದೂರ ಮೇಯುತ್ತೆ. ಹೊಟ್ಟೆ ತುಂಬಿದ ಮೇಲೆ ಬಂದು ಹಾಲು ಕುಡಿಸುತ್ತೆ. ನಾವು ಬೇಲಿ ಹತ್ತಿರ ಗುಂಪು ಕಟ್ಟಿ ನಿಂತಷ್ಟೂ ತಾಯಿ ಬರಲು ಹೆದರುತ್ತೆ. ನೋಡಿ ಮುಂದೆ ಹೋಗಿಬಿಡಿ. ಈಗ ನಿಜವಾದ ಕಾಡಿನಲ್ಲಿ, ತೋಟದಲ್ಲಿ ಮರಿ ಸಿಕ್ಕರೂ ಇದೇ ಮಾತು. ಎತ್ತಿಕೊಂಡು ಮನೆಗೆ ತರಬೇಡಿ.

ನಮ್ಮ ತೋಟಕ್ಕೆ ಗಾಯವಾದ ಜಿಂಕೆ ಬಂದಿದೆ. ಇಲ್ಲಿಗೆ ತಂದು ಬಿಡಬಹುದಾ?

ನೀವೇ ಹಿಡಿದು ತರಬೇಡಿ. ನಾಯಿಗಳನ್ನು ದೂರ ಅಟ್ಟಿ, ಜನ ಸೇರದಂತೆ ನೋಡಿಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹೆದರಿದ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗಿ ಹಗ್ಗ ಹಾಕಿದರೆ ಗಾಯಕ್ಕಿಂತ ಗಾಬರಿಗೇ ಸಾಯುತ್ತೆ. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಶಾಲೆಯಿಂದ ಐವತ್ತು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?

ಕೆಲವು ವರ್ಷದ ಹಿಂದೆ ನಮ್ಮ ಮಕ್ಕಳು ಇನ್ನೂ ಗೇಟಿನ ಹತ್ತಿರ ಸಾಲು ನಿಂತಿದ್ದರು. ಆಗ ಬೇರೆ ಯಾವುದೋ ಊರಿನ ದೊಡ್ಡ ಹುಡುಗರ ಗುಂಪು ಒಳಗಿತ್ತು. ಮಲಗಿದ್ದ ಜಿಂಕೆಗಳನ್ನು ಎಬ್ಬಿಸಲು ಒಬ್ಬ ಕೋಲಿನಿಂದ ತಂತಿ ಬೇಲಿಗೆ ಬಡಿದ, ಉಳಿದವರು ಹೋ ಅಂತ ಕೂಗಿದರು. ಇಡೀ ಹಿಂಡು ಒಂದೇ ಸಲ ಎದ್ದು ಆ ಕಡೆಗೆ ಓಡಿತು. ಕೊನೆಯಲ್ಲಿದ್ದ ಹೆಣ್ಣು ಜಿಂಕೆ ತಿರುಗಲಾಗದೆ ನೇರವಾಗಿ ಬೇಲಿಗೆ ಗುದ್ದಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ನಿಂತಿತ್ತು. ಮೂಗಿನಿಂದ ರಕ್ತ. ಬಾಯಿ ತೆರೆದುಕೊಂಡಿತ್ತು, ಪಕ್ಕೆಗಳು ತಿದಿಯ ಹಾಗೆ ಏರಿ ಇಳಿಯುತ್ತಿದ್ದವು. ನನ್ನ ಕ್ಲಾಸಿನ ಒಬ್ಬ ಹುಡುಗ ನನ್ನ ಸೀರೆ ಸೆರಗು ಹಿಡಿದುಕೊಂಡು ಅಳುತ್ತಿದ್ದ. ಸಿಬ್ಬಂದಿಗೆ ಹೇಳಿ, ಎಲ್ಲರನ್ನೂ ದೂರ ಕಳಿಸಿದೆವು. ಆ ದಿನ ನಮ್ಮ ಮಕ್ಕಳಿಗೆ ಜಿಂಕೆ ತೋರಿಸದೆಯೇ ವಾಪಸ್ ಕರೆದುಕೊಂಡು ಬಂದೆ.

ಜಿಂಕೆ ಓಡಿ ತಪ್ಪಿಸಿಕೊಂಡು ಬದುಕುವ ಪ್ರಾಣಿ. ಓಡಲು ಜಾಗವಿಲ್ಲದಿದ್ದರೆ ಆ ಭಯವೆಲ್ಲ ಅದರ ಮೈಯಲ್ಲೇ ಉಳಿಯುತ್ತೆ. ಜೀವ ಕೈಲಿ ಹಿಡಿದು ಓಡಿದಾಗ ಸ್ನಾಯುಗಳು ಒಳಗೊಳಗೇ ಹಾಳಾಗುತ್ತವೆ. ಹೊರಗೆ ಒಂದು ಗೀರೂ ಇಲ್ಲದ ಜಿಂಕೆ ಕೆಲವು ಗಂಟೆ, ಕೆಲವು ದಿನ ಬಿಟ್ಟು ಸಾಯಬಹುದು. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ.

ಹಾಗಾಗಿ ಈಗ ಬಸ್ಸಿನಿಂದ ಇಳಿಯುವ ಮುಂಚೆಯೇ ನಾವು ಮಾತಾಡಿಕೊಳ್ಳುತ್ತೇವೆ. ಪೀಪಿ, ಸ್ಪೀಕರ್ ಬಸ್ಸಿನಲ್ಲೇ ಉಳಿಯುತ್ತೆ. ತಿಂಡಿ ಡಬ್ಬಿಯೂ ಬಸ್ಸಿನಲ್ಲೇ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಒಂದೊಂದೇ ಗುಂಪು ಬೇಲಿ ಹತ್ತಿರ ಹೋಗುವುದು. ಇನ್ನೊಂದು ಗುರುತು ಹೇಳಿಕೊಡುತ್ತೇನೆ. ಜಿಂಕೆ ಮುಂಗಾಲನ್ನು ನೆಲಕ್ಕೆ ತಟ್ಟಿದರೆ, ಬಾಲ ಎತ್ತಿ ಅಡಿಯ ಬಿಳಿ ತೋರಿಸಿದರೆ, ಅದು ಹೆದರಿದೆ ಅಂತ ಅರ್ಥ. ಆಗ ಎಲ್ಲರೂ ಮೂರು ಹೆಜ್ಜೆ ಹಿಂದೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಬಾಲ ಎದ್ದ ತಕ್ಷಣ ಅವರೇ ಒಬ್ಬರನ್ನೊಬ್ಬರು ಹಿಂದಕ್ಕೆ ಎಳೆಯುತ್ತಾರೆ.

ಕೋತಿ ಕಾಟ ಇದೆಯಾ?

ಇದೆ, ಜಾಸ್ತಿಯೇ ಇದೆ. ಪ್ಲಾಸ್ಟಿಕ್ ಕವರ್ ಶಬ್ದ ಕೇಳಿದರೆ ಸಾಕು, ಇಳಿದು ಬರುತ್ತವೆ. ಬ್ಯಾಗಿನ ಜಿಪ್ ಹಾಕಿಕೊಳ್ಳಿ, ಕನ್ನಡಕ ಹುಷಾರು. ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಪರಚಿದರೆ, ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಅರಿಶಿನ ಹಚ್ಚಿ ಸುಮ್ಮನಾಗಬೇಡಿ.

ಊಟಕ್ಕೆ ಏನು ಮಾಡುವುದು?

ಬೆಳಿಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ ಮಧ್ಯಾಹ್ನದ ತನಕ ಯೋಚನೆ ಇಲ್ಲ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಜಿಂಕೆ, ಕೋತಿ ಎರಡರಿಂದಲೂ ದೂರ ಕೂತು ತಿನ್ನಿ. ಎಲೆ, ಕವರ್, ಬಾಟಲ್ ಎಲ್ಲವೂ ಬ್ಯಾಗಿನಲ್ಲಿ ಮನೆಗೇ ವಾಪಸ್.

ಮನೆಯಲ್ಲಿ ಹಸು, ಕುರಿ ಇವೆ. ಏನಾದರೂ ತೊಂದರೆನಾ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಕಾಲುಬಾಯಿ ಜ್ವರ ಗೊರಸು ಸೀಳಿದ ಎಲ್ಲ ಪ್ರಾಣಿಗೂ ಬರುತ್ತೆ, ಜಿಂಕೆಗೂ ಬರುತ್ತೆ. ನಮ್ಮ ಚಪ್ಪಲಿ, ಬಟ್ಟೆಯ ಮೇಲೆ ಕೂತು ಆ ರೋಗ ಹೋಗಬಲ್ಲದು. ಊರಿನಲ್ಲಿ ಕಾಲುಬಾಯಿ ಜ್ವರ ಇದ್ದರೆ ಆ ದಿನಗಳಲ್ಲಿ ಹೋಗುವುದು ಬೇಡ. ಉಳಿದಂತೆ, ಕೊಟ್ಟಿಗೆಯ ಚಪ್ಪಲಿ ಮನೆಯಲ್ಲಿ ಬಿಟ್ಟು, ಕೈಕಾಲು ತೊಳೆದು ಬನ್ನಿ.

ಚಿಲುಮೆಯ ಕತೆ ಏನು? ನೀರು ಎಲ್ಲಿಂದ ಬರುತ್ತೆ?

ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಹುಡುಕಿದನಂತೆ. ಎಲ್ಲೂ ಸಿಗಲಿಲ್ಲ. ಬಂಡೆಗೆ ಬಾಣ ಬಿಟ್ಟ, ಅದು ನೆಟ್ಟ ಕಡೆ ನೀರು ಚಿಮ್ಮಿತು. ಅದಕ್ಕೇ ನಾಮದ ಚಿಲುಮೆ. ನಮ್ಮಜ್ಜಿ ಈ ಕತೆ ಹೇಳುವಾಗ ಬಾಣ ಬಿಡುವ ಕಡೆ ಬಾಯಲ್ಲೇ ಸದ್ದು ಮಾಡುತ್ತಿದ್ದರು.

ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕು, ಮಣ್ಣಿನೊಳಗೆ ಇಳಿಯುತ್ತೆ. ತಿಂಗಳುಗಟ್ಟಲೆ ಒಳಗೊಳಗೇ ಜಿನುಗಿ ಬುಡದಲ್ಲಿ ಹೊರಗೆ ಬರುತ್ತೆ. ಮೇಲಿನ ಕಾಡು ಚೆನ್ನಾಗಿದ್ದಷ್ಟೂ ನೀರು ಇಂಗುತ್ತೆ. ಇದೇ ದುರ್ಗದ ಬೆಟ್ಟಗಳಲ್ಲಿ ಜಯಮಂಗಲಿ ನದಿಯೂ ಹುಟ್ಟುತ್ತೆ. ಚಿಲುಮೆಯಲ್ಲಿ ಕಾಲು ತೊಳೆಯಬೇಡಿ, ನಾಣ್ಯ ಎಸೆಯಬೇಡಿ. ಕುಡಿಯುವ ನೀರು ಮನೆಯಿಂದಲೇ ತನ್ನಿ.

ಅಜ್ಜಿ ತಾತನನ್ನು ಕರೆದುಕೊಂಡು ಹೋಗಬಹುದಾ?

ಜಿಂಕೆ ವನಕ್ಕೆ ಧಾರಾಳವಾಗಿ. ಅಲ್ಲಿಂದ ಮೇಲೆ ದುರ್ಗದ ಯೋಗಾನರಸಿಂಹ ಸ್ವಾಮಿಗೆ ಮಾತ್ರ ಮೆಟ್ಟಿಲಿದೆ. ಮಂಡಿ ನೋವಿದ್ದವರು ಕೆಳಗಿನ ಭೋಗಾನರಸಿಂಹನ ದರ್ಶನ ಮಾಡಿ ಕೂರಬಹುದು. ಆನೆಬಿದ್ದಸರಿ, ಜಡಕನ ದುರ್ಗ ಅಂತೆಲ್ಲ ಇದ್ದ ಬೆಟ್ಟದ ಹೆಸರು, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ ಆಯಿತು. ತಾತ ಜೊತೆಗಿದ್ದರೆ ಇಂಥ ಕತೆಗೆ ಬರವಿಲ್ಲ.

ಪಾಪ, ಬೇಲಿಯೊಳಗೆ ಇಡುವುದು ತಪ್ಪಲ್ವಾ? ಕಾಡಿಗೆ ಬಿಡಬಾರದಾ?

ನನ್ನ ಮಗಳೂ ಕೇಳಿದಳು. ನನಗೂ ಬೇಲಿ ನೋಡಿದಾಗ ಒಂದು ಕಡೆ ನೋವಾಗುತ್ತೆ.

ಆದರೆ ಸುಮ್ನೆ ಬಾಗಿಲು ತೆಗೆದುಬಿಟ್ಟರೆ ಅವು ಉಳಿಯುವುದಿಲ್ಲ. ಮನುಷ್ಯರಿಗೆ ಹೆದರುವುದನ್ನೇ ಮರೆತ ಜಿಂಕೆ ಮೊದಲು ರಸ್ತೆಗೆ ಬರುತ್ತೆ, ಊರಿಗೆ ಬರುತ್ತೆ, ನಾಯಿಗಳ ಬಾಯಿಗೆ ಬೀಳುತ್ತೆ. ಸುತ್ತಲಿನ ಕಾಡಿನಲ್ಲಿ ಚಿರತೆಯೂ ಇದೆ. ಇನ್ನೊಂದು ಕಡೆ, ಬೇಲಿಯೊಳಗೆ ಅವು ಬೇಗ ಬೇಗ ಹೆಚ್ಚುತ್ತವೆ. ಹೆಣ್ಣು ಜಿಂಕೆ ಏಳೆಂಟು ತಿಂಗಳಿಗೆ ಮರಿ ಹಾಕುತ್ತೆ. ದೆಹಲಿಯ ಹೌಜ್ ಖಾಸ್ ಜಿಂಕೆ ಪಾರ್ಕಿಗೆ 1960ರ ದಶಕದಲ್ಲಿ ತಂದಿದ್ದು ಆರು ಜಿಂಕೆ. ಅವು ಬೆಳೆದು ಸುಮಾರು 600 ಆದವು. 2023ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಆ ಪಾರ್ಕಿನ ಮಾನ್ಯತೆಯನ್ನೇ ತೆಗೆದು, ಜಿಂಕೆಗಳನ್ನು ಬೇರೆ ಕಾಡುಗಳಿಗೆ ಸಾಗಿಸಲು ಹೇಳಬೇಕಾಯಿತು. ಜಿಂಕೆ ಸಾಕುವುದು ಎಲ್ಲರೂ ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಗಂಡು ಹೆಣ್ಣಿನ ಲೆಕ್ಕ ನೋಡಬೇಕು, ಒಂದೇ ರಕ್ತದವು ಕೂಡದಂತೆ ನೋಡಬೇಕು, ಜಾಗ ನೋಡಬೇಕು.

ಬೇಲಿ ಇಲ್ಲದ ಪ್ರಾಣಿಯನ್ನೂ ಮಕ್ಕಳಿಗೆ ತೋರಿಸಿ. ನಮ್ಮ ಜಿಲ್ಲೆಯಲ್ಲೇ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಬಯಲು ಹುಲ್ಲುಗಾವಲು, ಅಲ್ಲಿ ಕೃಷ್ಣಮೃಗಗಳು. 798 ಎಕರೆಯ ಆ ಜಾಗವನ್ನು 2007ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು. ಹೆಸರು ಜಯಮಂಗಲಿ, ಆಗ ಹೇಳಿದೆನಲ್ಲ, ಇದೇ ದುರ್ಗದಲ್ಲಿ ಹುಟ್ಟುವ ನದಿಯ ಹೆಸರು. ಒಂದು ವಾರ ನಾಮದ ಚಿಲುಮೆ, ಇನ್ನೊಂದು ವಾರ ಮೈದನಹಳ್ಳಿ. ನನ್ನ ಮಗಳು ಎರಡನ್ನೂ ನೋಡಿದ ಮೇಲೆ ಬೇಲಿಯ ಪ್ರಶ್ನೆ ಕೇಳಲು ಶುರು ಮಾಡಿದ್ದು.

ಜಿಂಕೆ ಬಿಟ್ಟು ಬೇರೆ ಏನು ನೋಡಬಹುದು?

ಹಕ್ಕಿ. ಕಲ್ಲುಬಂಡೆಯ ಬೆಟ್ಟಗಳಲ್ಲಿ ಮಾತ್ರ ಇರುವ ಹಳದಿ ಕೊರಳಿನ ಪಿಕಳಾರ ನಮ್ಮ ಭಾಗದ ವಿಶೇಷ, ನಂದಿ ಬೆಟ್ಟದಲ್ಲೂ ಸಿಗುತ್ತೆ. ತುಮಕೂರು ಜಿಲ್ಲೆಯಲ್ಲಿ ಕಾಡುಪಾಪವೂ ಇದೆ. ದೊಡ್ಡ ದೊಡ್ಡ ಕಣ್ಣಿನ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿ. ರಾತ್ರಿ ಮಾತ್ರ ಓಡಾಡುತ್ತೆ, ಹಾಗಾಗಿ ನಮಗೆ ಕಾಣುವುದಿಲ್ಲ. ಹುಡುಕಿಕೊಂಡು ಕತ್ತಲಲ್ಲಿ ಕಾಡಿಗೆ ಹೋಗಬೇಡಿ. ಕರಡಿ, ಚಿರತೆ ಎರಡೂ ಇರುವ ಕಾಡು ಇದು. ಹೊತ್ತು ಮುಳುಗುವ ಮುಂಚೆ ರಸ್ತೆಗೆ ಬಂದುಬಿಡಿ.

ಫೋಟೊ ತೆಗೆಯಬಹುದಾ?

ಮೊಬೈಲಿನಲ್ಲಿ ತೆಗೆಯಿರಿ. ಫ್ಲಾಶ್ ಬೇಡ. ಕ್ಯಾಮೆರಾ ಕಡೆ ತಿರುಗಲಿ ಅಂತ ಶಿಳ್ಳೆ ಹೊಡೆಯುವುದು, ಕಲ್ಲು ಎಸೆಯುವುದು ಬೇಡ. ಲೆನ್ಸನ್ನು ತಂತಿಗೆ ಹತ್ತಿರ ಇಟ್ಟರೆ ಬೇಲಿ ಫೋಟೊದಲ್ಲಿ ಕಾಣುವುದಿಲ್ಲ.

ಸಾಕಿದ ನಾಯಿ ಜೊತೆಗಿದ್ದರೆ?

ಮನೆಯಲ್ಲಿ ಬಿಟ್ಟು ಬನ್ನಿ. ವಾಸನೆಗೇ ಹಿಂಡು ಬೆದರುತ್ತೆ.

ಮನೆಗೆ ಬಂದ ಮೇಲೆ ಮಗು ಕೇಳುತ್ತಿದೆ: ರಾತ್ರಿ ಜಿಂಕೆ ಎಲ್ಲಿ ಮಲಗುತ್ತೆ?

ಅಲ್ಲೇ, ಹಿಂಡಿನ ಜೊತೆಗೆ, ನೆಲದ ಮೇಲೆ. ಕಾಲುಗಳನ್ನು ಹೊಟ್ಟೆ ಕೆಳಗೆ ಮಡಚಿಕೊಂಡು ಕೂರುತ್ತೆ. ನಮ್ಮ ಹಾಗೆ ಎಂಟು ಗಂಟೆ ಒಂದೇ ಸಮನೆ ಮಲಗುವುದಿಲ್ಲ. ಸ್ವಲ್ಪ ಮೆಲುಕು, ಸ್ವಲ್ಪ ತೂಕಡಿಕೆ, ಮತ್ತೆ ಎಚ್ಚರ. ಒಂದು ತೂಕಡಿಸುವಾಗ ಇನ್ನೊಂದು ಎದ್ದಿರುತ್ತೆ. ನಿದ್ದೆಯಲ್ಲೂ ಕಿವಿ ಆಚೆ ಈಚೆ ತಿರುಗುತ್ತಲೇ ಇರುತ್ತೆ. ನನ್ನ ಮಗಳಿಗೆ ಇಷ್ಟು ಹೇಳಿದ್ದಕ್ಕೆ ಆ ರಾತ್ರಿ ಅವಳೂ ಕಾಲು ಮಡಚಿಕೊಂಡು, ಎರಡು ಕೈಯನ್ನು ಕಿವಿಯ ಹಾಗೆ ತಲೆಯ ಮೇಲಿಟ್ಟುಕೊಂಡು ಮಲಗಿದಳು.